ನತ್ತಿನ ನೆರಳು ತೋರಿಸಿದ ಹಲ್ಲು

ಎದುರಿನ ಹಿಟ್ಟಿನ ಗಿರಣಿ ಶುರುವಾಗುವ ಮೊದಲೇ ಜೇವರ್ಗಿಯ ಹಲ್ಲಿನ ದವಾಖಾನೆಯ ಎಕ್ಸ್-ರೇ ಕೋಣೆಯನ್ನು ಕಾಶಿಬಾಯಿ ತೆರೆಯುತ್ತಾರೆ. ಗಿರಣಿ ತಿರುಗಿತೆಂದರೆ ಕರೆಂಟು ಕುಗ್ಗಿ ಫಿಲ್ಮ್ ಮಬ್ಬಾಗುತ್ತದೆ. ಹಾಗಾಗಿ ಕಷ್ಟದ ಹಲ್ಲುಗಳಿಗೆಲ್ಲ ನಸುಕಿನ ಪಾಳಿ.

ಇಂದು ಕುರ್ಚಿಯಲ್ಲಿರುವವಳು ಸೊನ್ನದ ಶಿವಕಾಂತಾ. ಮೇಲಿನ ಕೋರೆಹಲ್ಲು ದವಡೆಯಲ್ಲೇ ಹೂತು ಕೀವು ಕಟ್ಟಿದೆ. ಅದಿರುವುದು ತುಟಿಯ ಕಡೆಗೋ, ಅಂಗುಳದ ಕಡೆಗೋ? ತಪ್ಪು ಕಡೆ ಕೊಯ್ದರೆ ಹಲ್ಲು ಸಿಗದು, ಮತ್ತೆ ಕೊಯ್ಯಬೇಕು. ಒಂದು ಫಿಲ್ಮಿನಲ್ಲಿ ಎಲ್ಲವೂ ಒಂದೇ ಗೋಡೆಗೆ ಅಂಟಿದಂತೆ ಕಾಣುವುದರಿಂದ ಕಾಶಿಬಾಯಿ ಎರಡು ತೆಗೆಯುತ್ತಾರೆ: ಒಂದು ನೇರ, ಇನ್ನೊಂದು ಯಂತ್ರದ ಮೂತಿ ಪಕ್ಕಕ್ಕೆ ಸರಿಸಿ. ಆಗ ಹಲ್ಲುಸಾಲಿನ ಹೊರಗಿದ್ದದ್ದರ ನೆರಳು ಒಂದು ಕಡೆ ಸರಿದರೆ, ಒಳಗಿದ್ದದ್ದರ ನೆರಳು ಎದುರು ಕಡೆ ಸರಿಯುತ್ತದೆ.

"ನತ್ತು ತೆಗಿಯವ್ವ, ಫೋಟೋದಾಗ ಅಡ್ಡ ಬರ್ತದ."

"ಮುತ್ತೈದಿ ಮೂಗು ಬರಿದು ಮಾಡಬಾರದ್ರಿ," ಎನ್ನುತ್ತಾರೆ ಪಕ್ಕದಲ್ಲಿ ನಿಂತ ಅವಳ ಅತ್ತೆ ಅಂಬುಬಾಯಿ.

"ಇದು ಹಲ್ಲಿನ ಫೋಟೋರಿ, ಲಗ್ನದ್ದಲ್ಲ."

"ಯಾವುದರ ಇರವಲ್ದ್ಯಾಕ. ನತ್ತು ಬಿಚ್ಚಂಗಿಲ್ಲ."

ಕಾಶಿಬಾಯಿ ನತ್ತಿನ ಸಮೇತವೇ ಎರಡೂ ಫಿಲ್ಮ್ ತೆಗೆಯುತ್ತಾರೆ. ಆಳಂದದ ಇವರು ೧೯೮೩ರಲ್ಲಿ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಫಿಲ್ಮ್ ತೊಳೆಯುವುದನ್ನು ಕಲಿಸಿದವರು ದವಾಖಾನೆಯ ಡಾಕ್ಟರ್ ದೌಲತರಾಯರು. ಬ್ಯಾಸಗಿಯಲ್ಲಿ ತೊಳೆಯುವ ಔಷಧ ಕಾದು ಫಿಲ್ಮ್ ಕರಗಿ ಹೋಗುತ್ತಿದ್ದಾಗ, ಔಷಧದ ತಟ್ಟೆಯನ್ನು ಮಣ್ಣಿನ ಗಡಿಗೆಯ ತಣ್ಣೀರಲ್ಲಿ ಇಡುವ ಉಪಾಯ ಇವರದು. ಈಗ ದಿನಕ್ಕೆ ಎಂಟು-ಹತ್ತು ಫಿಲ್ಮ್. ಅಫಜಲಪುರದಿಂದಲೂ ಬಸ್ಸು ಹತ್ತಿ ಜನ ಬರುತ್ತಾರೆ.

ತೊಳೆದ ಫಿಲ್ಮುಗಳಲ್ಲಿ ಹಲ್ಲಿನ ಪಕ್ಕದಲ್ಲೇ ನತ್ತಿನ ಬಿಳಿ ಗುರುತು. "ಕೆಡಿಸಿ ಹಾಕ್ತು ನೋಡ್ರಿ," ಎಂದು ಗೊಣಗುತ್ತಲೇ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹೂತ ಹಲ್ಲು ಸರಿದಿರುವುದು ಕೂದಲೆಳೆಯಷ್ಟು. ಅದನ್ನೊಂದೇ ನಂಬಿ ಕೊಯ್ಯುವುದು ಕಷ್ಟ. ಅಷ್ಟರಲ್ಲಿ ಕಾಶಿಬಾಯಿಯ ಕಣ್ಣು ನತ್ತಿನ ಮೇಲೆ ನಿಲ್ಲುತ್ತದೆ.

"ಸರ್, ಇಲ್ಲಿ ನೋಡ್ರಿ. ನತ್ತು ಈ ಕಡಿ ಬಂದದ, ಹಲ್ಲು ಆ ಕಡಿ ಹೋಗ್ಯಾದ. ನತ್ತಂತೂ ಹೊರಗ ಅದ..."

"ಅಂದ್ರ ಹಲ್ಲು ಒಳಗದ," ಫಿಲ್ಮಿನತ್ತ ಬಗ್ಗಿದ ದೌಲತರಾಯರು ಮಾತು ಪೂರೈಸುತ್ತಾರೆ. "ಅಂಗುಳದ ಕಡಿಂದ ಕೊಯ್ಯೂಣು."

ಒಂದೇ ಕೊಯ್ತಕ್ಕೆ ಹಲ್ಲು ಸಿಗುತ್ತದೆ. ಬಾಯಿಗೆ ಹತ್ತಿ ಒತ್ತಿಕೊಂಡ ಶಿವಕಾಂತಾ ಕಣ್ಣಲ್ಲೇ ನಗುತ್ತಾಳೆ.

"ನಾ ಅಂದಿದ್ದಿಲ್ಲೇನು, ನತ್ತು ತೆಗೀಬ್ಯಾಡಂತ?" ಅಂಬುಬಾಯಿಯ ಗತ್ತು ನೋಡಬೇಕು.

"ನಾಳಿಂದ ನೀವ ಬಂದು ಮಿಷಿನ್ ನಡಸ್ರಿ," ಎಂದು ಕಾಶಿಬಾಯಿ ನಗುತ್ತಾರೆ. ತಟ್ಟೆಯಲ್ಲಿದ್ದ ಹಲ್ಲನ್ನು ಬಗ್ಗಿ ನೋಡಿ, ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಕೊಯ್ದು ತೆಗೆದವ್ರು ಡಾಕ್ಟರ್ರಿ. ಆದ್ರ ಅದು ಒಳಗಿರೂವಾಗ ಮೊದಲ ನೋಡಿದಾಕಿ ನಾನ್ರಿ."