ಕಣ್ಣಿಗೊತ್ತಿಕೊಂಡ ಆಮೆ

ಯಾವ ಪ್ರಾಣಿಯನ್ನೂ ಮುಟ್ಟಬೇಡಿ ಎಂದು ನಮ್ಮ ಗೈಡ್ ಬೆಳಿಗ್ಗೆ ವ್ಯಾನ್ ಹತ್ತುವಾಗಲೇ ಮೂರು ಸಲ ಹೇಳಿದ್ದಳು. ಹೇಳಿದ್ದನ್ನೇ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಚೇಳನ್ನೋ ಹಾವನ್ನೋ ನಾನೇಕೆ ಮುಟ್ಟಲಿ ಎಂದು ಗೊಣಗಿಕೊಂಡೆ.

ನಮ್ಮ ಮನೆಯಿರುವ ಏಪೆಕ್ಸ್‌ನಿಂದ ಅಷ್ಟು ದೂರದ ಅರಿಝೋನಾದ ಮರುಭೂಮಿಯವರೆಗೆ ಬಂದದ್ದು ಮಗಳ ಹಟಕ್ಕೆ. ಹನ್ನೊಂದು ವರ್ಷದ ಅವಳಿಗೆ ಮರುಭೂಮಿಯ ಆಮೆಯನ್ನು ಕಣ್ಣಾರೆ ನೋಡಬೇಕಿತ್ತು. ವರ್ಷವಿಡೀ ಅದರದೇ ಜಪ. ಶಾಲೆಗೆ ಸ್ಪ್ರಿಂಗ್ ಬ್ರೇಕ್ ರಜೆ ಸಿಕ್ಕಿದ್ದೇ ಇಬ್ಬರೂ ಹೊರಟೆವು. ಎರಡು ದಿನ ಹಲ್ಲಿ, ಮೊಲ, ಕಳ್ಳಿಯ ಪೊಟರೆಯಿಂದ ಇಣುಕುವ ಹಕ್ಕಿ ಎಲ್ಲ ಸಿಕ್ಕವು, ಆಮೆ ಮಾತ್ರ ಇಲ್ಲ. ಕೊನೆಯ ದಿನ, ಒಣಗಿದ ಹಳ್ಳದ ದಂಡೆಯಲ್ಲಿ ಮಗಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಅಮ್ಮ, ಡೋಂಟ್ ಮೂವ್. ಅಲ್ಲಿ ನೋಡು."

ಒಂದು ಮಾರು ದೂರದಲ್ಲಿ ಆಮೆ. ಕತ್ತು ಚಾಚಿ ಹಳದಿ ಹೂವೊಂದನ್ನು ನಿಧಾನವಾಗಿ ಜಗಿಯುತ್ತಿತ್ತು. ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು. ಗೈಡ್ ಇನ್ನೂ ಹಿಂದೆ ಇದ್ದಳು.

ನನ್ನ ಕೈ ತಾನಾಗಿಯೇ ಚಾಚಿತು ಎಂದರೆ ನೆಪವಾದೀತು, ಮಾಡಿದ್ದು ನಾನೇ. ಊರಿನ ದೇವಸ್ಥಾನದಲ್ಲಿ ಗರ್ಭಗುಡಿಯ ಎದುರು ನೆಲದಲ್ಲಿ ಕಲ್ಲಿನ ಆಮೆ ಇತ್ತು. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಮುಂದೆ ಹೋಗಬೇಕೆಂದು ಅಜ್ಜಿ ಕಲಿಸಿದ್ದರು. ಬಗ್ಗಿದೆ, ಚಿಪ್ಪು ಮುಟ್ಟಿದೆ, ಬೆರಳುಗಳನ್ನು ಕಣ್ಣಿಗೊತ್ತಿಕೊಂಡೆ.

ಆಮೆ ಬುಸ್ಸೆಂದು ತಲೆ ಒಳಗೆಳೆದುಕೊಂಡಿತು. ಅದರ ಕೆಳಗಿನ ಮರಳು ಒದ್ದೆಯಾಯಿತು.

"ಅಮ್ಮಾ! ಏನ್ ಮಾಡ್ದೆ ನೀನು?" ಮಗಳು ನನ್ನ ಕೈ ಎಳೆದಳು. "ಅದರ ನೀರೆಲ್ಲಾ ಹೋಯ್ತು!"

ಗೈಡ್ ಓಡಿಬಂದು ನಮ್ಮನ್ನು ಹಿಂದಕ್ಕೆ ಸರಿಸಿದಳು. ಹೆದರಿದರೆ ಆಮೆ ಮೂತ್ರ ಬಿಟ್ಟುಬಿಡುತ್ತದಂತೆ. ಬೇಸಿಗೆಗೆಂದು ಅದು ಮೈಯೊಳಗೆ ಉಳಿಸಿಟ್ಟುಕೊಂಡ ನೀರೂ ಅದೇ. ಮುಂದಿನ ಮಳೆ ಜುಲೈಗೆ, ಅಲ್ಲಿವರೆಗೆ ಬದುಕೀತೋ ಇಲ್ಲವೋ ಹೇಳಲಾರೆ ಎಂದಳು. ನಾನು ನೀರಿನ ಬಾಟಲಿಯ ಮುಚ್ಚಳ ತೆಗೆದೆ. ಹತ್ತಿರ ಹೋದರೆ ಇನ್ನಷ್ಟು ಹೆದರುತ್ತದೆ ಎಂದು ಗೈಡ್ ನನ್ನ ಕೈ ತಡೆದಳು.

ದೂರದ ಬಂಡೆಯ ಹಿಂದೆ ಕೂತೆವು. ಬಿಸಿಲು ಏರಿತು. ಚಿಪ್ಪು ಅಲುಗಲಿಲ್ಲ. ದೇವರನ್ನು ಕರೆಯಲೂ ನಾಚಿಕೆಯಾಯಿತು, ಅವನ ಹೆಸರಲ್ಲೇ ಅಲ್ಲವೇ ಈ ಘನಕಾರ್ಯ ಮಾಡಿದ್ದು! ಎಷ್ಟೋ ಹೊತ್ತಿನ ಮೇಲೆ ಒಂದು ಕಾಲು ಹೊರಬಂತು, ಆಮೇಲೆ ಇನ್ನೊಂದು. ಆಮೆ ತೆವಳುತ್ತಾ ಬಿಲದೊಳಗೆ ಹೋಯಿತು. ಮಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಮರಳಿದ ಮೇಲೆ ಅವಳು ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ನನ್ನ ಫೋನಿನಲ್ಲಿ ಅಲ್ಲಿಯ ಹವಾಮಾನ ನೋಡುವಳು. ಬರೀ ಸೂರ್ಯನ ಚಿತ್ರ. ಫೋನು ವಾಪಸು ಕೊಡುವಳು. ಏಪೆಕ್ಸ್‌ನಲ್ಲಿ ಸುಮ್ಮಸುಮ್ಮನೆ ಸುರಿಯುವ ಮಳೆಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಜುಲೈನಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಗೆ ಓಡಿಬಂದಳು.

"ಅಮ್ಮ, ಅಲ್ಲಿ ಮಳೆ!"

ಒಲೆ ಆರಿಸಿ ಅವಳನ್ನು ಅಪ್ಪಿಕೊಂಡೆ. ಬಿಡಿಸಿಕೊಳ್ಳಲಿಲ್ಲ. ನನ್ನ ಎದೆಗೆ ಮುಖ ಒತ್ತಿಕೊಂಡೇ ಕೇಳಿದಳು, "ಆಮೆ ಮಳೆ ಬರೋವರೆಗೂ ವೇಟ್ ಮಾಡಿರತ್ತಾ?"

"ಗೊತ್ತಿಲ್ಲ ಪುಟ್ಟಿ," ಎಂದೆ.