ಆರುಮುಗಂ ಇಳಿಸಿದ ಮೀನು

ಆರುಮುಗಂ ಮೀನು ಕದ್ದಿರಲಿಲ್ಲ. ಕದ್ದ ಎಂದು ನೀವೆಲ್ಲ ನಂಬುವಂತೆ ಮಾಡಿದವಳು ನಾನು. ನಿಲಾಯ್ ಹತ್ತಿರದ ನಮ್ಮ ಮೀನುಕೊಳಕ್ಕೆ ಕನ್ನಡ ಕೂಟದ ಪಿಕ್‌ನಿಕ್ ಬಂದಿದ್ದ ಆ ಭಾನುವಾರ, ಅಷ್ಟು ಜನರ ಮುಂದೆ, ಕೈಯಲ್ಲಿ ಬಿಸಿಬೇಳೆಬಾತಿನ ಸೌಟು ಹಿಡಿದುಕೊಂಡೇ, ನಾನು ಒಂದು ಸುಳ್ಳು ಹೇಳಿದೆ. ಹನ್ನೊಂದು ವರ್ಷವಾಯಿತು. ಕೂಟದ ಸ್ಮರಣ ಸಂಚಿಕೆಗೆಂದು ಸುಬಾಂಗ್ ಜಯಾದ ಸಂಪಾದಕಿ ಹುಡುಗಿ ನನ್ನಿಂದ ಕೇಳಿದ್ದು ಒಂದು ರೆಸಿಪಿ. ಸಾರಿ ಕಣಮ್ಮಾ, ಈ ಸಲ ಇದನ್ನೇ ಹಾಕು.

ಕೊಳದ ಹುಚ್ಚು ನಮ್ಮವರದು. ಮೆಲಾಕಾದಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಡಾಕ್ಟರು, ಜನಿವಾರದ ಮನುಷ್ಯ, ಜನ್ಮದಲ್ಲಿ ಮೀನು ಬಾಯಿಗಿಟ್ಟವರಲ್ಲ — ತವರದ ಗಣಿ ತೋಡಿ ಬಿಟ್ಟಿದ್ದ ಹಳೆಯ ಹೊಂಡವೊಂದನ್ನು ಗುತ್ತಿಗೆಗೆ ಹಿಡಿದು, ಪಕ್ಕದಲ್ಲೇ ಮನೆ ಮಾಡಿ, ಗಾಳ ಹಾಕುವವರಿಗೆ ಭಾನುವಾರ ಗೇಟು ತೆರೆದರು. ‘ಇದು ಸ್ಪೋರ್ಟ್ ಕಣೇ, ಹಿಡಿದು ವಾಪಸ್ ನೀರಿಗೇ ಬಿಡ್ತಾರೆ’ ಎಂದರು. ಸ್ಪೋರ್ಟಂತೆ! ತುಟಿಗೆ ಕೊಕ್ಕೆ ಸಿಕ್ಕಿಸಿ, ದಡಕ್ಕೆಳೆದು, ಎದೆಗವಚಿ ಫೋಟೋ ತೆಗೆಸಿಕೊಂಡು, ಹೋಗಿ ಬಾ ಎಂದು ನೀರಿಗೆ ಬಿಡುವ ಆಟ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ ಸ್ಪೋರ್ಟ್ ಥ್ರೋಬಾಲ್.

ಕೊಳ ನೋಡಿಕೊಳ್ಳುತ್ತಿದ್ದವನು ಆರುಮುಗಂ. ಇಲ್ಲಿಯ ರಬ್ಬರ್ ಎಸ್ಟೇಟಿನಲ್ಲಿ ಹುಟ್ಟಿದ ತಮಿಳ, ಆಗಲೇ ಕಿವಿಯ ಪಕ್ಕ ನರೆತಿದ್ದ. ನಾಲ್ಕು ವರ್ಷ ನಮ್ಮ ಜೊತೆಗಿದ್ದು ಕನ್ನಡ ಕಲಿತಿದ್ದ. ಅವನ ಕೆಲಸದಲ್ಲಿ ಒಂದು ಡಿಸಿಪ್ಲಿನ್ ಇತ್ತು. ಲಾರಿಯಲ್ಲಿ ಬಂದ ಮೀನನ್ನು ಎಂದೂ ನೇರವಾಗಿ ಕೊಳಕ್ಕೆ ಸುರಿದವನಲ್ಲ. ತೊಟ್ಟಿಯ ನೀರಿಗೆ ಕೊಳದ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಹೊಸ ನೀರು ಒಗ್ಗಿದ ಮೇಲಷ್ಟೇ ಇಳಿಸುತ್ತಿದ್ದ. ಗಾಳದವರು ಬರುವ ಮುಂಚೆ ಎರಡು ದಿನ ಮೀನಿಗೆ ಮೇವಿಲ್ಲ, ಉಪವಾಸ. ‘ಹೊಟ್ಟೆ ತುಂಬಿದ್ರೆ ಅದು ಗಾಳ ಮೂಸಿನೂ ನೋಡಲ್ಲಮ್ಮಾ’ ಎನ್ನುತ್ತಿದ್ದ.

ಆ ವರ್ಷ ಮಾವನವರ ತಿಥಿ ಬಂತು. ಪಿಂಡ ಬಿಡಲು ಈ ದೇಶದಲ್ಲಿ ಹೊಳೆ ಹುಡುಕಿಕೊಂಡು ಎಲ್ಲಿಗೆ ಹೋಗುವುದು ಎಂದು ನಮ್ಮವರು ಕೊಳಕ್ಕೇ ಬಿಟ್ಟರು. ಬಿಟ್ಟದ್ದೇ ತಡ, ದೊಡ್ಡದೊಂದು ರೋಹು ಮೇಲೆ ಬಂದು, ದುಂಡು ಬಾಯಿ ತೆರೆದು, ನುಂಗಿ, ಹೊರಳಿತು. ಹಿಂದೆಯೇ ಇನ್ನೂ ಮೂರು. ನಮ್ಮವರು ಕಣ್ಣು ಒದ್ದೆ ಮಾಡಿಕೊಂಡು ಕೈ ಮುಗಿದರು. ಬಂದ ಭಾನುವಾರ ಅದೇ ಮೀನುಗಳನ್ನು ಹಿಡಿಯುವವರಿಗೆ ಗೇಟೂ ತೆರೆದರು!

‘ಏನ್ರೀ, ನಿಮ್ಮಪ್ಪನ ಪಿಂಡ ತಿಂದ ಬಾಯಿಗೆ ಕೊಕ್ಕೆ ಹಾಕಿಸ್ತೀರಲ್ಲ?’ ಎಂದೆ.

‘ಡೋಂಟ್ ಬಿ ಸೆಂಟಿಮೆಂಟಲ್’ ಎಂದರು.

ಈ ಮನುಷ್ಯನ ಹತ್ತಿರ ವಾದಿಸಿ ಗೆದ್ದವರುಂಟೇ? ನಾನು ಬೇರೆ ದಾರಿ ಹಿಡಿದೆ. ಅವರು ಮೆಲಾಕಾಕ್ಕೆ ಹೊರಟ ಮೇಲೆ, ಆರುಮುಗಂ ಬರುವುದಕ್ಕೆ ಮುಂಚೆ, ತಮಿಳರ ಅಂಗಡಿಯಿಂದ ತಂದ ಕಡಲೆಪುರಿಯನ್ನೂ ಹಿಂದಿನ ದಿನದ ಅನ್ನವನ್ನೂ ಕೊಳಕ್ಕೆ ಹಾಕತೊಡಗಿದೆ. ಉಪವಾಸದ ದಿನಗಳಲ್ಲಿ ಎರಡರಷ್ಟು. ಹೊಟ್ಟೆ ತುಂಬಿರಲಿ, ಗಾಳ ಮೂಸದಿರಲಿ — ಅವನ ವಿದ್ಯೆಯನ್ನೇ ಅವನ ಮೇಲೆ ತಿರುಗಿಸಿದ್ದೆ. ಆಗ ಹಾಗನ್ನಿಸಲಿಲ್ಲ. ಜಾಣತನ ಅನ್ನಿಸಿತ್ತು.

ಪಿಕ್‌ನಿಕ್ಕಿನ ವಾರ, ಗುರುವಾರ, ಆರುಮುಗಂ ಹೊಸ ಮೀನು ತಂದ. ನಮ್ಮವರು ಕಾಲೇಜಿನಲ್ಲಿದ್ದರು. ಬಿಸಿಲಲ್ಲಿ ಛತ್ರಿ ಹಿಡಿದು ನಿಂತು ಅವನು ಇಳಿಸಿದ್ದನ್ನು ನೋಡಿದವಳು ನಾನೊಬ್ಬಳೇ. ಶನಿವಾರ ಅವುಗಳಿಗೂ ಪುರಿ ಹಾಕಿದೆ.

ಭಾನುವಾರ ಏನಾಯಿತೆಂದು ನಿಮಗೆ ಗೊತ್ತು, ಅಲ್ಲೇ ಇದ್ದಿರಿ. ಬೆಳಗ್ಗೆಯಿಂದ ಗಾಳ ಹಿಡಿದು ಕೂತರೂ ಒಬ್ಬರಿಗೂ ಒಂದು ಮೀನು ಸಿಗಲಿಲ್ಲ. ಮಕ್ಕಳು ‘ಸೋ ಬೋರಿಂಗ್ ಲಾ’ ಎಂದು ಗೋಳಿಟ್ಟವು. ‘ಡಾಕ್ಟ್ರೇ, ಮೀನು ಬಿಟ್ಟಿದ್ದೀರೋ, ಬರೀ ನೀರು ತುಂಬಿಸಿದ್ದೀರೋ?’ ಎಂದು ಒಬ್ಬರು. ಇನ್ನೊಬ್ಬರು — ಹೆಸರು ಬೇಡ, ಓದುವಾಗ ಅವರಿಗೇ ತಿಳಿಯುತ್ತದೆ — ‘ಏನ್ ಆರುಮುಗಂ, ಮೀನೆಲ್ಲ ದಾರೀಲೇ ತಪಾವ್ ಆಯ್ತಾ?’ ಎಂದರು. ಹೋಟೆಲಿನ ಪಾರ್ಸಲ್ಲಿಗೆ ಇಲ್ಲಿ ಹೇಳುವ ಮಾತು. ಎಲ್ಲರೂ ನಕ್ಕಿರಿ. ನಮ್ಮವರು ನಗಲಿಲ್ಲ. ಮುಖ ಕೆಂಪಗಾಗಿ ನನ್ನ ಕಡೆ ತಿರುಗಿದರು.

‘ಗುರುವಾರ ನೀನಿದ್ದೆಯಲ್ಲ. ಮೀನು ಇಳಿಸಿದ್ದು ನೋಡಿದ್ಯಾ?’

ಆರುಮುಗಂ ನನ್ನನ್ನು ನೋಡಿದ. ಅವನ ಮುಖದಲ್ಲಿ ಭಯವಿರಲಿಲ್ಲ — ಅಮ್ಮ ಅಲ್ಲೇ ನಿಂತಿದ್ದರಲ್ಲ, ಈಗ ಹೇಳುತ್ತಾರೆ ಎಂಬ ನಿರಾಳ. ನೋಡಿದೆ ಎಂದರೆ, ಮತ್ತೆ ಯಾಕೆ ಒಂದೂ ಕಚ್ಚುತ್ತಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಪುರಿಯ ಕಥೆ, ಪಿಂಡದ ಕಥೆ... ಇಂಗ್ಲಿಷ್ ಮಾತಾಡುವ, ನಿಮ್ಮ ಮಕ್ಕಳ ಎಲೊಕ್ಯೂಶನ್ ತಿದ್ದುವ ಆಂಟಿ, ಮಾವ ಮೀನಾಗಿ ಬಂದರೆಂದು ನಂಬಿದ್ದಾಳೆ ಎಂದು ನೀವು ನಗುತ್ತಿದ್ದಿರಿ. ಅಷ್ಟೇ. ಆ ನಗೆಯನ್ನು ತಪ್ಪಿಸಿಕೊಳ್ಳಲು —

‘ನಾನು ಒಳಗಿದ್ದೆ. ನೋಡ್ಲಿಲ್ಲಪ್ಪ’ ಎಂದೆ.

‘ಕಳ್ಳ’ ಎಂಬ ಮಾತು ನಿಮ್ಮಲ್ಲೇ ಯಾರದೋ ಬಾಯಿಂದ ಬಂತು. ಆರುಮುಗಂ ಕೊಳದ ನೀರಿಗೆ ಗಾಳಿ ಕೊಡುವ ಚಕ್ರದ ಮೋಟಾರ್ ಮನೆಯ ಬೀಗದಕೈಯನ್ನು ಊಟದ ಮೇಜಿನ ಮೇಲಿಟ್ಟು, ಬೈಕ್ ಹತ್ತಿ ಹೋದ. ನಾನು ಮೊಸರನ್ನ ಬಡಿಸಿದೆ. ಅದನ್ನೂ ಬರೆಯಬೇಕು: ಬಡಿಸಿದೆ.

ನಾಲ್ಕು ತಿಂಗಳ ಮೇಲೆ ಸತ್ಯ ತಾನೇ ತೇಲಿತು. ಕೇಳುವವರಿಲ್ಲವೆಂದು ನಾನು ಇನ್ನೂ ಹೆಚ್ಚು ಹಾಕುತ್ತಿದ್ದೆ. ತಿನ್ನದೆ ಉಳಿದದ್ದು ಕೊಳೆತು, ನೀರು ಹಸಿರು ಗಂಜಿಯಂತಾಗಿತ್ತು. ಆರುಮುಗಂ ಜಾಗಕ್ಕೆ ಬಂದ ಹೊಸಬ ಒಂದು ದಿನ ಚಕ್ರ ಹಾಕಲು ಮರೆತ. ಬೆಳಗ್ಗೆ ನೋಡಿದರೆ ದಡದಿಂದ ದಡಕ್ಕೆ ಬಿಳಿ ಹೊಟ್ಟೆಗಳು. ಚಕ್ರ ಮರೆತವನನ್ನು ಬೈಯುವುದು ಸುಲಭ. ಆ ನೀರು ಕೆಡಿಸಿದ್ದು ನಾನು. ಕಾಪಾಡುತ್ತೇನೆಂದು ಹೊರಟವಳು ಒಂದನ್ನೂ ಉಳಿಸಲಿಲ್ಲ — ಹೌ ಫೂಲಿಷ್! ನಮ್ಮವರು ದಡದಲ್ಲಿ ನಿಂತು ‘ಇಷ್ಟೊಂದು ಇತ್ತಾ?’ ಎಂದರು. ಅಂದು ಅವರಿಗೆ ಎಲ್ಲವನ್ನೂ ಹೇಳಿದೆ. ‘ಈಗ ಯಾಕೆ ಆ ವಿಷಯ’ ಎಂದರು. ನನಗೆ ಬೇಕಾಗಿದ್ದದ್ದೂ ಅದೇ ಉತ್ತರವೇನೋ. ಕೊಳ ಬಿಟ್ಟೆವು. ಅವರು ಹೋಗಿ ಎರಡು ವರ್ಷವಾಯಿತು. ಅವರ ಹೆಸರಿನ ಹಿಂದೆ ಅವಿತುಕೊಳ್ಳುವ ಸೌಲಭ್ಯವೂ ಈಗಿಲ್ಲ.

ಕಳೆದ ತಿಂಗಳು ಆರುಮುಗಂನನ್ನು ಹುಡುಕಿಕೊಂಡು ಹೋದೆ. ಅಳಿಯನ ಬೈಕ್ ರಿಪೇರಿ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ. ಆ ಭಾನುವಾರದ ನಂತರ ಸುತ್ತಮುತ್ತಲಿನ ಯಾವ ಕೊಳದವರೂ ಅವನನ್ನು ಇಟ್ಟುಕೊಳ್ಳಲಿಲ್ಲವಂತೆ. ಮೀನಿನ ಕೆಲಸ ಅಲ್ಲಿಗೇ ಮುಗಿಯಿತು. ಸ್ಟೂಲು ಕೊಟ್ಟ, ಟೀ ತರಿಸಿದ. ನಾನು ಪುರಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡ.

‘ಇದನ್ನ ನನಗ್ಯಾಕೆ ಹೇಳ್ತೀರಮ್ಮಾ? ನಾನು ಕದ್ದಿಲ್ಲ ಅಂತ ನನಗೆ ಗೊತ್ತಲ್ಲಾ. ಗೊತ್ತಿಲ್ಲದೋರಿಗೆ ಹೋಗಿ ಹೇಳಿ.’

ಕೋಪವಿರಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾನು ಕೇಳುವ ಧೈರ್ಯ ಮಾಡಲಿಲ್ಲ.

ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಆ ಗುರುವಾರ ಆರುಮುಗಂ ತಂದ ಮೀನನ್ನೆಲ್ಲ, ಒಂದೂ ಬಿಡದೆ, ನನ್ನ ಕಣ್ಣೆದುರೇ ಕೊಳಕ್ಕೆ ಇಳಿಸಿದ. ನಾನು ನೋಡಿದೆ. ನೋಡಲಿಲ್ಲ ಎಂದೆ. ಅಂದು ಅಲ್ಲಿದ್ದ ನಿಮ್ಮ ಮಕ್ಕಳು ಈಗ ದೊಡ್ಡವರು, ಕನ್ನಡ ಓದಲು ಬಾರದವರು, ‘ಕಳ್ಳ’ ಎಂಬುದನ್ನು ಮಾತ್ರ ಚೆನ್ನಾಗಿ ಕೇಳಿಸಿಕೊಂಡವರು. ಅವರಿಗಾಗಿ ಯುಗಾದಿ ಕೂಟದಲ್ಲಿ ಮೈಕ್ ಹಿಡಿದು ಇದನ್ನೇ ಇಂಗ್ಲಿಷಿನಲ್ಲೂ ಹೇಳುತ್ತೇನೆ. ಕರೆದುಕೊಂಡು ಬನ್ನಿ. ಹೇಳಿ ಮುಗಿಸಿದ ಮೇಲೆ ದಯವಿಟ್ಟು ಯಾರೂ ಎದ್ದು ಬಂದು ‘ಪರವಾಗಿಲ್ಲ ಬಿಡಿ ಆಂಟಿ’ ಎನ್ನಬೇಡಿ.