ಹನ್ನೆರಡು ಕುರಿ ಮತ್ತು ನಾನು ಕೊಂಡ ಯೂರೋ

ಭೂಗೋಳ ಪಾಠ ಮಾಡುವ ಮಾಸ್ತರರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಹೆಸರು ಗೊತ್ತಿದ್ದರೆ ಸಾಕು, ವಸ್ತುವೂ ಗೊತ್ತು ಎಂದು ನಂಬಿಬಿಡುತ್ತೇವೆ. ಜಪಾನಿಗೆ ಯೆನ್, ರಷ್ಯಕ್ಕೆ ರೂಬಲ್, ಥಾಯ್ಲೆಂಡಿಗೆ ಬಾತ್ ಎಂದು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಮಕ್ಕಳಿಂದ ಕಂಠಪಾಠ ಮಾಡಿಸಿ ಮಾಡಿಸಿ, ಜಗತ್ತಿನ ನಾಣ್ಯಗಳೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳೇ ಎಂಬ ಸಲುಗೆ ನನಗೆ ಬಂದುಬಿಟ್ಟಿತ್ತು. ಹೀಗಾಗಿ 'ವಿದೇಶಿ ಹಣ ಕೊಳ್ಳಿ, ಮಾರಿ, ಗಳಿಸಿ' ಎಂಬ ಜಾಹೀರಾತು ಮೊಬೈಲಿನಲ್ಲಿ ಕಂಡಾಗ, ನನಗಲ್ಲದೆ ಇನ್ನಾರಿಗೆ ಇದು ಎಂದುಕೊಂಡೆ.

ನನ್ನ ಮನೆ ಹುಮನಾಬಾದಿನ ಮಗ್ಗುಲಿನ ಮಾಣಿಕನಗರದಲ್ಲಿ. ದಿನಾ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೋಗಿ ಬರುತ್ತೇನೆ. ಆ ಬಸ್ಸಿನ ಕಿಟಕಿ ಸೀಟೇ ನನ್ನ ವ್ಯಾಪಾರದ ಗಾದಿಯಾಯಿತು. ಕಂಪನಿಯವರು ಹೊಸಬರಿಗೆ ಆಟದ ಖಾತೆಯೊಂದನ್ನು ಕೊಡುತ್ತಾರೆ, ಅದರಲ್ಲಿ ಹತ್ತು ಸಾವಿರ ಸುಳ್ಳು ಡಾಲರ್ ಇರುತ್ತದೆ. ಯೂರೋ ಕೊಂಡೆ, ಯೆನ್ ಮಾರಿದೆ, ಒಂದೇ ತಿಂಗಳಲ್ಲಿ ಹತ್ತು ಸಾವಿರ ಹದಿನಾಲ್ಕು ಸಾವಿರವಾಯಿತು. ಆ ಸಂಜೆ ಮಾಣಿಕನಗರದ ಚಹಾದಂಗಡಿಯಲ್ಲಿ ಕೂತು, ನಾಲ್ಕು ಸಾವಿರ ಡಾಲರ್ ಲಾಭ ಎಂದು ಮಾರುತಿಗೆ ಹೇಳಿದೆ. 'ಸುಳ್ಳು' ಎಂಬ ಒಂದು ಶಬ್ದ ಮಾತ್ರ ಗಂಟಲಲ್ಲೇ ಉಳಿಯಿತು. ಅರ್ಧ ಉತ್ತರಕ್ಕೆ ಅರ್ಧ ಅಂಕ ಕೊಡುವ ಅಭ್ಯಾಸ ನಮ್ಮದು, ನನಗೂ ಹಾಗೆಯೇ ಕೊಟ್ಟುಕೊಂಡೆ.

ಮಾರುತಿ ನಾಲ್ಕನೆಯ ಇಯತ್ತೆಯವರೆಗೆ ನನ್ನ ಜೊತೆ ಓದಿದವನು. ಆಮೇಲೆ ಅವನು ಕುರಿಗಳ ಹಿಂದೆ ಹೋದ, ನಾನು ಪುಸ್ತಕಗಳ ಹಿಂದೆ ಹೋದೆ. ಚಿಟಗುಪ್ಪದ ಕಡೆ ಕೊಯ್ದ ಹೊಲಗಳಲ್ಲಿ ಅರವತ್ತು ಕುರಿ ಮೇಯಿಸುತ್ತಾನೆ. ಅವು ದಾಟುವಾಗ ಸುಮ್ಮನೆ ಕಣ್ಣಾಡಿಸಿ, ಒಂದು ಕಡಿಮೆ ಇದ್ದರೆ ಯಾವುದು ಎಂದು ಹೇಳಬಲ್ಲ. ನನ್ನ ಮಾತನ್ನು ವಾರವಿಡೀ ಮೆಲುಕು ಹಾಕಿ, ಹನ್ನೆರಡು ಕುರಿ ಮಾರಿ ಬಂದ ರೊಕ್ಕವನ್ನೆಲ್ಲ ನಿಮ್ಮ ಕೈಗೆ ಕೊಡುತ್ತೇನೆ, ನೀವೇ ಹಾಕಿರಿ ಎಂದ. ಆಗಲಾದರೂ ನಿಜ ಹೇಳಬೇಕಿತ್ತು. ನಾನು ದೊಡ್ಡವರ ಹಾಗೆ "ನೋಡೋಣ" ಎಂದೆ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ್, ಒಂದು ಮಾತು ಕೇಳ್ತೀನಿ," ಎಂದ ಮಾರುತಿ. "ಸಂತ್ಯಾಗ ನಾ ಕುರಿ ತಗೊಂಡ್ರ ಮಾರಾಂವ ಎದ್ರಿಗೆ ನಿಂತಿರ್ತಾನ. ನೀವು ಯೂರೋ ತಗೊಂಡಾಗ ಎದ್ರಿಗೆ ಯಾರು ನಿಂತಿರ್ತಾರ್ರಿ?"

ಇಡೀ ಜಗತ್ತು ನಿಂತಿರುತ್ತದೆ ಎಂದುಬಿಟ್ಟೆ. ಅವನು ತಲೆಯಾಡಿಸಿದ. ಆದರೆ ಆ ಪ್ರಶ್ನೆ ನನ್ನ ಜೊತೆ ಬಸ್ಸು ಹತ್ತಿತು.

ನನ್ನಜ್ಜನ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಿತ್ತು. ನಿಜಾಮರ ಸೀಮೆಯ ನಮಗೆ ಹಾಲಿ ಸಿಕ್ಕಾ, ಬ್ರಿಟಿಷರ ಸೊಲ್ಲಾಪುರಕ್ಕೆ ಕಲ್ದಾರ್ ರೂಪಾಯಿ. ಅತ್ತ ಹೋಗುವವರು ಸರಾಫನ ಮುಂದೆ ಕೂತು ನಮ್ಮ ನಾಣ್ಯ ಕೊಟ್ಟು ಅವರ ನಾಣ್ಯ ಪಡೆಯುತ್ತಿದ್ದರು. ಸರಾಫ ಅದಲುಬದಲಿನ ಕೂಲಿಯೆಂದು ತನ್ನ ವಟ್ಟ ಮುರಿದುಕೊಳ್ಳುತ್ತಿದ್ದ, ಅಜ್ಜ ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ದನಿ ಕೇಳುತ್ತಿದ್ದ. ಇಂಗ್ಲಿಷಿನವರು ಸ್ಪಾಟ್ ಎನ್ನುವುದು ಇದನ್ನೇ, ನಿಂತಲ್ಲೇ ಕೊಟ್ಟು ನಿಂತಲ್ಲೇ ಪಡೆಯುವುದು. ನನ್ನ ವ್ಯಾಪಾರಕ್ಕೂ ಸ್ಪಾಟ್ ಎಂದೇ ಹೆಸರು, ಆದ್ದರಿಂದ ಇದೂ ಅದೇ ಎಂದು ನಾನು ತಿಳಿದಿದ್ದೆ.

ನನ್ನ ಭಾಮೈದ ಶರಣು ಬಸವಕಲ್ಯಾಣದ ಬ್ಯಾಂಕೊಂದರಲ್ಲಿ ಅಧಿಕಾರಿ. ಹಿಂದೆ ದೊಡ್ಡ ಊರಿನಲ್ಲಿ ವಿದೇಶಿ ಹಣದ ವಿಭಾಗದಲ್ಲಿದ್ದವನು. ಒಂದು ಮಧ್ಯಾಹ್ನ ಅವನ ಡಬ್ಬಿಯ ರೊಟ್ಟಿ ಮುರಿಯುತ್ತ ಮಾರುತಿಯ ಪ್ರಶ್ನೆಯನ್ನು ನನ್ನದೆಂಬಂತೆ ಕೇಳಿದೆ. ಅವನು ಒಂದೊಂದಾಗಿ ಬಿಡಿಸಿ ಹೇಳತೊಡಗಿದ. ಬ್ಯಾಂಕುಗಳ ನಡುವೆ ಸ್ಪಾಟ್ ವ್ಯಾಪಾರವಾದರೆ ಎರಡು ದಿನದೊಳಗೆ ಹಣ ನಿಜವಾಗಿ ಕೈ ಬದಲಾಗುತ್ತದಂತೆ. ನನ್ನಂಥ ಚಿಲ್ಲರೆ ಮಂದಿಗೆ ಯೂರೋ ಬರುವುದೇ ಇಲ್ಲ. ವ್ಯಾಪಾರವನ್ನು ದಿನದಿನಕ್ಕೂ ಮುಂದೂಡುತ್ತ ಇರುತ್ತಾರೆ, ನಡೆಯುವುದು ಬೆಲೆಯ ಏರಿಳಿತದ ಲೆಕ್ಕ ಮಾತ್ರ. ಕೊಳ್ಳುವ ಬೆಲೆ ಒಂದು, ಮಾರುವ ಬೆಲೆ ಇನ್ನೊಂದು. ಹೀಗಾಗಿ ಕೊಂಡ ಕ್ಷಣವೇ ನಾವು ಅಷ್ಟು ನಷ್ಟದಲ್ಲಿರುತ್ತೇವೆ. ಇರಲಿ, ಅದು ಸರಾಫನ ವಟ್ಟ ಎಂದು ಸಮಾಧಾನ ಮಾಡಿಕೊಂಡೆ.

ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ನೂರು ರೂಪಾಯಿ ಇಟ್ಟವನಿಗೆ ಹತ್ತು ಸಾವಿರದ ವ್ಯಾಪಾರ ಮಾಡಲು ಬಿಡುತ್ತಾರಂತೆ. ಬೆಲೆ ನೂರಕ್ಕೆ ಒಂದರಷ್ಟು ನಮಗೆ ವಿರುದ್ಧವಾಗಿ ಸರಿದರೆ ಆ ನೂರೂ ಹೋಯಿತು. ಮತ್ತೆ ಏರುವವರೆಗೆ ಕಾಯುತ್ತೇನೆ ಎಂದರೆ ಕೇಳುವವರಿಲ್ಲ, ಕಂಪನಿಯ ಯಂತ್ರವೇ ವ್ಯಾಪಾರ ಮುಗಿಸಿ ಬಾಗಿಲು ಮುಚ್ಚುತ್ತದೆ. ಅಂದರೆ ಬಸ್ಸು ಹುಮನಾಬಾದ್ ಬಿಟ್ಟು ಬಸವಕಲ್ಯಾಣ ಮುಟ್ಟುವುದರೊಳಗೆ ಮಾರುತಿಯ ಹನ್ನೆರಡು ಕುರಿಗಳು ಮಾಯವಾಗಬಹುದು. ಹಾಗಾದರೆ ಎದುರಿಗೆ ನಿಂತವರು ಯಾರು ಎಂದು ಮತ್ತೆ ಕೇಳಿದೆ. ಬಹಳ ಸಲ ಕಂಪನಿಯೇ ನಿಂತಿರುತ್ತದೆ, ನಿಮ್ಮ ನಷ್ಟವೇ ಅದರ ಲಾಭ ಎಂದ ಶರಣು. ಬೇಲಿಯೇ ಎದ್ದು ಹೊಲ ಮೇಯುವ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ, ಆ ಹೊಲ ನಾನೇ ಆಗಬಹುದೆಂದು ಎಣಿಸಿರಲಿಲ್ಲ. ಸಾಲದ್ದಕ್ಕೆ, ಪರದೇಶದ ಇಂಥ ಕಂಪನಿಗೆ ಇಲ್ಲಿಂದ ರೊಕ್ಕ ಕಳಿಸಿ ಈ ವ್ಯಾಪಾರ ಮಾಡುವುದು ನಮ್ಮ ಕಾನೂನಿಗೇ ವಿರುದ್ಧವಂತೆ. ಕಳೆದುಕೊಂಡವನು ಠಾಣೆಗೆ ದೂರು ಕೊಡಲು ಹೋದರೆ ಅವನನ್ನೇ ಮೊದಲು ಕೂರಿಸಿಕೊಂಡಾರು.

ಆದರೂ ನಾನು ಗೆದ್ದೆನಲ್ಲ ಎಂದೆ, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ.

"ಮಾಮಾ, ಆಟದ ಖಾತ್ಯಾಗ ಭಾಳ ಮಂದಿ ಗೆಲ್ತಾರ," ಎಂದ ಶರಣು. "ಅಲ್ಲಿ ಅಂಜಿಕಿ ಇರಂಗಿಲ್ಲ ನೋಡ್ರಿ."

ಸಂಜೆ ಬಸ್ಸಿಳಿದವನು ನೆಟ್ಟಗೆ ಚಹಾದಂಗಡಿಗೆ ಹೋದೆ. ಮಾರುತಿ ನನಗಾಗಿಯೇ ಕಾಯುತ್ತಿದ್ದ. ಅಂದು ಸಂತೆಯ ದಿನ. ಮನ್ನಾಏಖೇಳ್ಳಿಯ ವ್ಯಾಪಾರಿಯೊಬ್ಬ ಹನ್ನೆರಡೂ ಕುರಿಗೆ ಬೆಲೆ ಗೊತ್ತು ಮಾಡಿ ಎರಡು ಸಾವಿರ ಮುಂಗಡ, ಅಂದರೆ ಬಯಾನಾ, ಕೊಟ್ಟುಹೋಗಿದ್ದ, ನಾಳೆ ಬೆಳಿಗ್ಗೆ ಬಂದು ಉಳಿದದ್ದು ಕೊಟ್ಟು ಹೊಡೆದುಕೊಂಡು ಹೋಗುವವನಿದ್ದ. ನಮ್ಮ ಕಡೆ ಬಯಾನಾ ಹಿಡಿದವನು ಮಾತಿಗೆ ತಪ್ಪಿದರೆ ಅದರ ಎರಡು ಪಟ್ಟು ತಿರುಗಿ ಕೊಡಬೇಕು.

"ಮಾರುತಿ," ಎಂದೆ, ಪಕ್ಕದ ಬೆಂಚಿಗೆ ಕೇಳಿಸದಷ್ಟು ಮೆಲ್ಲಗೆ. "ನಾ ಗಳಿಸಿದ್ದು ಆಟದ ರೊಕ್ಕ. ಖರೇದು ಒಂದು ಪೈಸಾ ಇಲ್ಲ. ಕುರಿ ಮಾರಬ್ಯಾಡಪಾ."

ಉಳಿದದ್ದನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹಾಸಿ, ಅದರಡಿ ತನ್ನ ಕೈ ತೂರಿಸಿದ. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಎಷ್ಟಾಯಿತೆಂದು ಆ ಇಬ್ಬರಿಗಷ್ಟೇ ಗೊತ್ತು. ಮಾಸ್ತರನ ದಂಡ ಊರಿಗೆ ತಿಳಿಯದಿರಲಿ ಎಂಬುದು ಅವನ ಯೋಚನೆ. ವ್ಯಾಪಾರಿಗೆ ನಾಲ್ಕು ಸಾವಿರ ಕೊಡಬೇಕು, ಬಂದ ಬಯಾನಾ ಕಳೆದರೆ ಮಾರುತಿಯ ಕೈಯಿಂದ ಹೋಗುವುದು ಎರಡು. ಬೆರಳಿಗೆ ಸಾವಿರದಂತೆ, ಎರಡನ್ನೂ ನಾನೇ ತುಂಬುತ್ತೇನೆಂದು ಎರಡು ಬೆರಳು ಚಾಚಿದೆ.

ಅವನು ಒಂದನ್ನು ಹಿಡಿದು ಮೆಲ್ಲಗೆ ಮಡಿಸಿದ.

"ಆಸೆ ನಂದೂ ಇತ್ತಲ್ರಿ," ಎಂದ.

ಪಕ್ಕದ ಬೆಂಚಿನವರು ಟವೆಲ್ಲನ್ನೇ ನೋಡುತ್ತಿದ್ದರು. ಮಾಸ್ತರರು ಕುರಿ ಕೊಂಡರೆಂದು ಅವರಿಗೆ ಖಾತ್ರಿಯಾಗಿತ್ತು. ಲಾಭ ಯಾರಿಗಾಯಿತು ಎಂದು ಒಬ್ಬ ಕೇಳಿದ.

"ಇಬ್ಬರಿಗೂ ಆತು," ಎಂದ ಮಾರುತಿ, ಟವೆಲ್ ಹೆಗಲಿಗೆ ಏರಿಸುತ್ತ.